ಹೆಬ್ಬಾಳದ ಪಶು ಆಸ್ಪತ್ರೆ: ನಮ್ಮ ಹ್ಯಾಟೆ ಮತ್ತೆ ಕಾಳು ಹೆಕ್ಕಿತು

ಕೊಡಿಗೇಹಳ್ಳಿಯ ನಮ್ಮ ಹಿತ್ತಲಲ್ಲಿ 5 ಗಿರಿರಾಜ ಕೋಳಿಗಳಿವೆ. ಹೋದ ತಿಂಗಳು ಒಂದು ಹ್ಯಾಟೆ ಮೇವು ಬಿಟ್ಟು ಮೂಲೆಯಲ್ಲಿ ಮುದುಡಿ ಕೂತಿತು. ಬೆಳಿಗ್ಗೆ ಕಾಳು ಹಾಕುವ ಮೊದಲೇ ಕತ್ತಿನ ಬುಡ ಮುಟ್ಟಿ ನೋಡಿದೆ. ರಾತ್ರಿ ಕಳೆಯುವಷ್ಟರಲ್ಲಿ ಖಾಲಿಯಾಗಬೇಕಿದ್ದ ಕಾಳಿನ ಚೀಲ (ಕೋಳಿ ನುಂಗಿದ ಮೇವು ಮೊದಲು ಸೇರುವ ಕತ್ತಿನ ಚೀಲ) ತಣ್ಣಗಾದ ಮುದ್ದೆಯಂತೆ ಗಟ್ಟಿಯಾಗಿತ್ತು.

ಹತ್ತಿರದ ಕ್ಲಿನಿಕ್‌ನಲ್ಲಿ "ಕೋಳಿ ನೋಡಲ್ಲ" ಅಂದರು. ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆ. ಗಿರಿರಾಜ ತಳಿ ರೂಪುಗೊಂಡಿದ್ದೇ ಹೆಬ್ಬಾಳದಲ್ಲಿ ಅಲ್ವಾ, ತವರಿಗೆ ಕರೆತಂದ ಹಾಗಾಯಿತು.

ಡಾಕ್ಟರ್ ಅವಸರ ಮಾಡಲಿಲ್ಲ. ಚೀಲವನ್ನು ಎರಡು ಬೆರಳಲ್ಲಿ ಒತ್ತಿದರು. ಕೊಕ್ಕು ಬಿಡಿಸಿ ವಾಸನೆ ನೋಡಿದರು. "ಹುಳಿ ವಾಸನೆ ಇಲ್ಲಮ್ಮ. ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದು ಹುಳಿ ನಾತ ಬಂದರೆ ಯೀಸ್ಟ್ ಸೋಂಕು ಇರಬಹುದು, ಅದರ ಔಷಧಿನೇ ಬೇರೆ. ಇಲ್ಲಿ ಉದ್ದ ಹುಲ್ಲು ಸುತ್ತಿಕೊಂಡಿದೆ" ಅಂದರು. ನಳಿಕೆಯಲ್ಲಿ ನೀರು ಬಿಟ್ಟು ಮೆಲ್ಲಗೆ ನೀವಿದರು. ಮನೆಯಲ್ಲೂ ನೀವುವುದು ಹೇಗೆ ಅಂತ ನನ್ನ ಕೈ ಹಿಡಿದು ತೋರಿಸಿದರು. ಒಂದು ದಿನ ನೀರು ಮಾತ್ರ, ಆಮೇಲೆ ಮೆತ್ತಗಿನ ಮೇವು.

ಪಕ್ಕದ ಮನೆಯವರು ತಲೆಕೆಳಗೆ ಹಿಡಿದು ವಾಂತಿ ಮಾಡಿಸಿ ಅಂದಿದ್ದರು. ಕೇಳಿದ್ದಕ್ಕೆ ಡಾಕ್ಟರ್ ಗಾಬರಿಯಾದರು. ಶ್ವಾಸನಾಳಕ್ಕೆ ನೀರು ಹೋಗಿ ಕೋಳಿ ಸತ್ತೇ ಹೋಗಬಹುದಂತೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮೂರನೇ ಬೆಳಿಗ್ಗೆ ಚೀಲ ಚಪ್ಪಟೆಯಾಗಿತ್ತು. ಈಗ ಹುಲ್ಲು ಸಣ್ಣಗೆ ಕತ್ತರಿಸಿ ಹಾಕುತ್ತೇನೆ, ನುಂಗಿದ ಮೇವು ಹೊಟ್ಟೆಯಲ್ಲಿ ಅರೆಯಲಿ ಅಂತ ಪಕ್ಕದಲ್ಲಿ ಒಂದು ಬಟ್ಟಲು ಸಣ್ಣ ಹರಳು ಕಲ್ಲು ಇಡುತ್ತೇನೆ.