ಕುಂಬಳೆಯ ಬಾರ್ಬೆಕ್ಯೂ ಸ್ಯಾಂಡ್‌ವಿಚ್: ಸಾಸ್ ಬೇರೆಯೇ ಕೇಳಿ

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಪಂಚಾಯತ್ ಅರ್ಜಿ, ಎಲ್ಲ ಟೈಪ್ ಮಾಡುತ್ತೇನೆ. ಹಾಗಾಗಿ ಹೋಟೆಲಿಗೆ ಹೋದರೂ ಕಣ್ಣು ಮೊದಲು ಹೋಗುವುದು ಮೆನು ಕಾರ್ಡಿನ ಅಕ್ಷರಕ್ಕೆ. ಕುಂಬಳೆಯ ಈ ಹೋಟೆಲಿನ ಕಾರ್ಡಿನಲ್ಲಿ ಮಲಯಾಳ ಇತ್ತು, ಇಂಗ್ಲಿಷ್ ಇತ್ತು, ಅದರಡಿ ಇರುವೆಯಷ್ಟು ಚಿಕ್ಕದಾಗಿ ಕನ್ನಡವೂ ಇತ್ತು: 'ಬಾರಬಿಕು ಸಂಡವಿಚ್ 140'. ಮಗಳು ನಕ್ಕಳು. ನನಗೆ ಖುಷಿಯೇ ಆಯಿತು. ತಪ್ಪಾದರೂ ಹಾಕಿದ್ದಾರಲ್ವಾ.

ಹೋಟೆಲಿನ ಹೆಸರು ಬರೆಯುವುದಿಲ್ಲ, ಬೈಯಲಿಕ್ಕೂ ಸ್ವಲ್ಪ ಉಂಟು. ಹೆದ್ದಾರಿಯ ಸರ್ವಿಸ್ ರೋಡಿನ ಬದಿ, ಆರು ಟೇಬಲು, ಬಾಗಿಲ ಹೊರಗೆ ಕೆಂಡದ ಒಲೆ. ಅಷ್ಟೇ.

ಗಲ್ಫಿಗೆ ಹೋದವರ ದೆಸೆಯಿಂದ ಅರಬ್ಬಿ ಸುಟ್ಟ ಕೋಳಿ ಅಲ್‌ಫಹಮ್, ಅರಬ್ಬಿ ರೊಟ್ಟಿ ಕುಬ್ಬೂಸ್ ಎಲ್ಲ ನಮ್ಮ ಕಡೆ ಮನೆಮಾತು. ಈ ಸ್ಯಾಂಡ್‌ವಿಚ್ ಕೂಡ ಅಲ್‌ಫಹಮ್‌ನದ್ದೇ ಮರಿ. ಕೆಂಡದಲ್ಲಿ ಸುಟ್ಟ ಕೋಳಿಯನ್ನು ಎಲುಬಿನಿಂದ ಬಿಡಿಸಿ, ಸಾಸಿನಲ್ಲಿ ಕಲಸಿ, ಕ್ಯಾಬೇಜ್ ಹಾಕಿ ಬನ್ನಿನೊಳಗೆ ತುರುಕುತ್ತಾರೆ. ಅಮೆರಿಕದಲ್ಲಿ ಬಾರ್ಬೆಕ್ಯೂ ಅಂದರೆ ಬೇರೆಯೇ ಅಂತೆ, ಮಂಗಳೂರಲ್ಲಿ ಓದುವ ಮಗಳ ಪಾಠ. ಅಲ್ಲಿ ಹಂದಿಯದ್ದೋ ದನದ್ದೋ ದೊಡ್ಡ ತುಂಡನ್ನು ಸೌದೆಯ ಹೊಗೆಯಲ್ಲಿ, ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಎಳೆದರೆ ನಾರುನಾರಾಗಿ ಬರಬೇಕು. ಹಾಗೆ ನೋಡಿದರೆ ಇಲ್ಲಿಯದ್ದು ಹೆಸರಿಗೆ ಮಾತ್ರ ಬಾರ್ಬೆಕ್ಯೂ.

ಆದರೆ ಹೊಗೆಯಲ್ಲಿ ಮೋಸ ಇಲ್ಲ. ನಾನೇ ಎದ್ದು ಹೋಗಿ ಒಲೆ ನೋಡಿದೆ. ತೆಂಗಿನ ಗೆರಟೆಯ ಇದ್ದಿಲು. ಕೋಳಿಯ ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕಿ ಚುಂಯ್ ಅಂದಾಗ ಏಳುವ ಹೊಗೆ ಉಂಟಲ್ಲ, ಅದು ತಿರುಗಿ ಮಾಂಸಕ್ಕೇ ಹಿಡಿಯುತ್ತದೆ. ಸಣ್ಣವಳಿದ್ದಾಗ ಅಜ್ಜಿ ಬಚ್ಚಲ ಒಲೆಯ ಕೆಂಡದಲ್ಲಿ ಒಣ ಬಂಗುಡೆ ಸುಡುತ್ತಿದ್ದರು. ಅದರ ವಾಸನೆ ಗದ್ದೆಯ ಆಚೆ ಬದಿಗೂ ಬರುತ್ತಿತ್ತು. ಇಲ್ಲಿ ಆ ಕಪ್ಪಾದ ಅಂಚು ಬಾಯಿಗೆ ಸಿಕ್ಕಿದಾಗ ಅದೇ ನೆನಪಾಯಿತು. ಎದೆ ಮಾಂಸ ಸ್ವಲ್ಪ ಒಣಕಲು. ತೊಡೆಯದ್ದು ಬಂದರೆ ನಿಮ್ಮ ಅದೃಷ್ಟ.

ಸಾಸ್ ಹೇಗಿತ್ತು? ಅನಾನಸು ಮೆಣಸ್ಕಾಯಿ ತಿಂದವರಿಗೆ ಒಂದೇ ಮಾತಲ್ಲಿ ಹೇಳಬಹುದು. ಬೆಲ್ಲ, ಹುಳಿ, ಖಾರ ಮೂರೂ ಒಟ್ಟಿಗೆ ಬಂದು ಯಾವುದು ಮೊದಲು ಅಂತ ಗೊತ್ತಾಗದ ಹಾಗೆ. ಅವರು ಹಾಕುವುದು ಟೊಮೆಟೊ, ವಿನೆಗರ್, ಸಕ್ಕರೆ, ಕಾಳುಮೆಣಸು. ಎಳ್ಳು ಹುರಿದು ಹಾಕಿದ್ದರೆ ನಮ್ಮದೇ ಆಗುತ್ತಿತ್ತು ಅನಿಸಿತು. ಸಿಹಿ ಮಾತ್ರ ಸ್ವಲ್ಪ ಜಾಸ್ತಿ.

ಈಗ ಬೈಗಳು. ಆ ಸಾಸನ್ನು ಸುರಿದದ್ದು ಸುರಿದದ್ದೇ. ಬನ್ನು ಬೇಕರಿಯ ಮೆತ್ತನೆಯ ಸಿಹಿ ಬನ್ನು, ಕಾಯಿಸಿಯೂ ಇರಲಿಲ್ಲ. ಎರಡು ಕಚ್ಚುವಷ್ಟರಲ್ಲಿ ತಳ ಹರಿದು ಕೋಳಿ ತಟ್ಟೆಗೆ ಬಿತ್ತು. ಕೊನೆಗೆ ಚಮಚದಲ್ಲಿ ತಿಂದೆ. 140 ರೂಪಾಯಿ ಕೊಟ್ಟು ನೆನೆದ ಬನ್ನು ತಿನ್ನುವುದು ಯಾಕೆ? ಕೋರಿ ರೊಟ್ಟಿ ಆದರೆ ನೆನೆಯಲಿಕ್ಕೆಂದೇ ಇರುವುದು, ಇದು ಹಾಗಲ್ಲವಲ್ಲ.

ಮುಂದಿನ ವಾರ ಕುಂಬಳೆಗೆ ಕಾಗದ ತರಲು ಹೋದಾಗ ಇನ್ನೊಮ್ಮೆ ಹೊಕ್ಕೆ. ಬಡಿಸುವ ಹುಡುಗ ಮಲಯಾಳದಲ್ಲಿ "ಚೇಚೀ" ಅಂತ ಬಂದ. ನಾನು ಮಗಳ ಹತ್ತಿರ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಕೂಡಲೇ "ಎಂತ ಬೇಕಕ್ಕ?" ಅಂದ. "ಬನ್ನು ಕೆಂಡದ ಮೇಲೆ ಎರಡೂ ಬದಿ ಕಾಯಿಸು ಮಾರಾಯ, ಸಾಸ್ ಬೇರೆ ಕೊಡು" ಅಂದೆ. ಒಳಗಿನಿಂದ ಒಬ್ಬರು ಇಣುಕಿ ನೋಡಿದರು. ಆದರೆ ಮಾಡಿಕೊಟ್ಟರು. ಆ ಸ್ಯಾಂಡ್‌ವಿಚ್ ಬೇರೆಯೇ ಆಗಿತ್ತು. ಬನ್ನಿನ ಒಳಮೈ ಗರಿಗರಿ, ಹೊಗೆಯ ರುಚಿ ಮುಂದೆ, ಸಾಸ್ ಬೇಕಾದಷ್ಟೇ. ಹಸಿ ಈರುಳ್ಳಿ ಎರಡು ತುಂಡು ಕೇಳಿ ಒಳಗಿಟ್ಟುಕೊಂಡೆ. ಜೊತೆಗೆ ಲಿಂಬೆ ಹಿಂಡಿದ ಸುಲೈಮಾನಿ ಚಹಾ, ಸಿಹಿ ಕಡಿಯಲಿಕ್ಕೆ ಅದೇ ಸರಿ.

ಮಯೋನೀಸ್, ಅಂದರೆ ಮೊಟ್ಟೆ, ಎಣ್ಣೆ ಕಡೆದು ಮಾಡುವ ಬಿಳಿ ಸಾಸ್, ಅದರ ಬಗ್ಗೆ ಹೆದರುವವರಿಗೆ ಒಂದು ಮಾತು. 2022ರಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೂ ಹೊರಗಿನ ಕೋಳಿ ಬಂದ್ ಆಗಿತ್ತು. 2023ರಲ್ಲಿ ಕೇರಳ ಸರ್ಕಾರ ಹಸಿ ಮೊಟ್ಟೆಯ ಮಯೋನೀಸ್ ನಿಲ್ಲಿಸಿತು, ಪಾರ್ಸೆಲಿಗೆ ಸಮಯದ ಚೀಟಿ ಅಂಟಿಸಬೇಕು ಅಂತಲೂ ಹೇಳಿತು. ಇಲ್ಲಿ ಕೇಳಿದೆ, ಮೊಟ್ಟೆ ಹಾಕದ ಮಯೋನೀಸ್ ಅಂದರು. ಮಗಳಿಗೆ ಕಟ್ಟಿಸಿದ ಪಾರ್ಸೆಲಿನ ಮೇಲೆ ಚೀಟಿಯೂ ಇತ್ತು, ಸಮಯ ಪೆನ್ನಿನಲ್ಲಿ ಬರೆದಿದ್ದರು. ಬದಿಯಡ್ಕಕ್ಕೆ ಮುಟ್ಟುವಾಗ ಬನ್ನು ಬೆವರಿತ್ತು, ಆದ್ದರಿಂದ ಅಲ್ಲೇ ಕೂತು ತಿನ್ನುವುದು ಲೇಸು.

ಹೋಗುವುದಾದರೆ ಸಂಜೆ ಆರೂವರೆ ಕಳೆದ ಮೇಲೆ ಹೋಗಿ. ಅದಕ್ಕೆ ಮೊದಲು ಕೆಂಡ ಹಿಡಿದಿರುವುದಿಲ್ಲ, ಸುಮ್ನೆ ಫ್ಯಾನಿನಡಿ ಕಾಯಬೇಕು. ಕಾರಿಗೆ ಜಾಗ ಇಲ್ಲ, ಸ್ಕೂಟರಿಗೆ ಉಂಟು. ದುಡ್ಡು ಕೊಡುವಾಗ ಬಿಲ್ಲಿನ ಹಿಂದೆ 'ಬಾರ್ಬೆಕ್ಯೂ ಸ್ಯಾಂಡ್‌ವಿಚ್' ಅಂತ ದುಂಡಗೆ ಬರೆದು ಹುಡುಗನಿಗೆ ಕೊಟ್ಟು ಬಂದಿದ್ದೇನೆ. ಅವನು ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ.