ರಂಬಲ್ ನೋಡ್ಲಾ, ಮೇನಿಯಾ ನೋಡ್ಲಾ?

WWE ಕುಸ್ತಿಯ ಎರಡು ದೊಡ್ಡ ಶೋಗಳು ರಾಯಲ್ ರಂಬಲ್, ರೆಸಲ್‌ಮೇನಿಯಾ. ಇವೆರಡ್ರಲ್ಲಿ ಒಂದಕ್ಕೇ ಟೈಮ್ ಇದೆ ಅಂದ್ರೆ, ಹೊಸಬ್ರಿಗೆ ನನ್ ವೋಟು ರಾಯಲ್ ರಂಬಲ್‌ಗೇ. ಹಳೇ ಕಥೆ ಗೊತ್ತಿರ್ಲೇಬೇಕು ಅಂತಿಲ್ಲ, 30 ಜನ ಒಬ್ಬೊಬ್ರಾಗಿ ಬರ್ತಾರೆ, ಮೇಲಿನ ಹಗ್ಗ ದಾಟಿ ಬಿದ್ದು ಎರಡೂ ಕಾಲು ನೆಲಕ್ಕೆ ತಾಗಿದ್ರೆ ಔಟು, ಕೌಂಟ್‌ಡೌನ್ 10ರಿಂದ ಇಳಿಯೋವಾಗ ಯಾರ ಮ್ಯೂಸಿಕ್ ಬರುತ್ತೋ ಅಂತ ಕಾಯೋದೇ ಮಜಾ (ಮಧ್ಯದಲ್ಲಿ ಒಂಚೂರು ಬೋರ್ ಹೊಡಿಯುತ್ತೆ, ಸುಳ್ಳು ಹೇಳಲ್ಲ). ಗೆದ್ದವ್ರಿಗೆ ರೆಸಲ್‌ಮೇನಿಯಾದಲ್ಲಿ ಟೈಟಲ್ ಮ್ಯಾಚು.

ಮೇನಿಯಾ 2020ರಿಂದ ಎರಡು ರಾತ್ರಿ ನಡೆಯುತ್ತೆ, ಅದೇನಿದ್ರೂ ಕಥೆ ಫಾಲೋ ಮಾಡಿದವ್ರಿಗೆ. ಕೋಡಿ ರೋಡ್ಸ್ 2023ರಲ್ಲಿ ರಂಬಲ್ ಗೆದ್ದು ಮೇನಿಯಾದಲ್ಲಿ ರೋಮನ್ ರೇನ್ಸ್ ಕೈಲಿ ಸೋತ, 2024ರಲ್ಲಿ ಮತ್ತೆ ರಂಬಲ್ ಗೆದ್ದು ಬಂದು 1316 ದಿನದಿಂದ ಚಾಂಪಿಯನ್ ಆಗಿದ್ದ ಅದೇ ರೋಮನ್‌ನ ಇಳಿಸಿದ. ಆ ಒಂದು ವರ್ಷದ ಉರಿ ಗೊತ್ತಿಲ್ದೆ ನೋಡಿದ್ರೆ ಅದು ಬರೀ ಇನ್ನೊಂದು ಮ್ಯಾಚು.