ಲಿಂಕ್‌ನಲ್ಲಿ ವರದಿ ಕಳಿಸುವ ಲ್ಯಾಬ್‌ಗಳ ಬಗ್ಗೆ ಎಚ್ಚರವಿರಲಿ

ಅಮ್ಮನ ರಕ್ತ ಪರೀಕ್ಷೆಗೆಂದು ಬೆಂಗಳೂರಿನ ಒಂದು ಖಾಸಗಿ ಲ್ಯಾಬ್‌ನವರನ್ನು ಮನೆಗೇ ಕರೆಸಿದ್ದೆವು. ಸ್ಯಾಂಪಲ್ ತೆಗೆದುಕೊಂಡ ಹುಡುಗ ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ ಬರೆದುಕೊಂಡು ಹೋದ; ಸಂಜೆ ಎಸ್ಎಂಎಸ್‌ನಲ್ಲಿ ವರದಿಯ ಲಿಂಕ್ ಬಂತು. ಎಲ್ಲ ಕಡೆ ನಡೆಯುವುದೂ ಹೀಗೆಯೇ.

ಅದೇ ವಾರ ಅಮ್ಮನಿಗೆ ಅಪರಿಚಿತ ಹೆಂಗಸೊಬ್ಬಳು ಫೋನ್ ಮಾಡಿ, 'ನಿಮ್ಮ ಮೂರು ತಿಂಗಳ ಶುಗರ್ ಸರಾಸರಿ 9.2 ಬಂದಿದೆಯಲ್ಲಮ್ಮ, ಹೀಗೇ ಬಿಟ್ಟರೆ ಕಿಡ್ನಿ ಹೋಗುತ್ತದೆ' ಎಂದು ಹೆದರಿಸಿ, ಯಾವುದೋ ಪುಡಿಯ ಡಬ್ಬಿ ಮಾರಲು ನೋಡಿದಳು. ವರದಿಯಲ್ಲಿದ್ದ ಅಂಕಿಯೇ ಅದು, ದಶಮಾಂಶವೂ ತಪ್ಪಿರಲಿಲ್ಲ. ನೆಂಟರಿಷ್ಟರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ವಿಷಯವನ್ನು ಗುರುತಿಲ್ಲದವಳ ಬಾಯಿಂದ ಕೇಳಿದ ಅಮ್ಮ, ಫೋನ್ ಕೆಳಗಿಟ್ಟು ನನ್ನನ್ನು ಕೇಳಿದ್ದು ಒಂದೇ ಮಾತು: 'ನೀನು ಯಾರಿಗೆ ಹೇಳಿದೆ?' ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಅದನ್ನು ಅಮ್ಮನಿಗೆ ನಂಬಿಸುವುದೇ ಕಷ್ಟವಾಯಿತು.

ಆಗ ಆ ಲಿಂಕನ್ನು ತಮ್ಮನ ಫೋನಿನಲ್ಲಿ ತೆರೆದು ನೋಡಿದೆವು. ಓಟಿಪಿ ಇಲ್ಲ, ಪಾಸ್‌ವರ್ಡ್ ಇಲ್ಲ, ಹುಟ್ಟಿದ ದಿನಾಂಕವನ್ನೂ ಕೇಳದೆ ಇಡೀ ವರದಿ ತೆರೆದುಕೊಂಡಿತು. ಲಿಂಕ್ ಯಾರ ಕೈಗೆ ಸಿಕ್ಕಿದರೂ ವರದಿ ಸಿಕ್ಕಂತೆಯೇ.

ಲ್ಯಾಬ್‌ಗೆ ಫೋನ್ ಮಾಡಿದರೆ ಮೊದಲ ಉತ್ತರ, 'ನೀವೇ ಯಾರಿಗೋ ಫಾರ್ವರ್ಡ್ ಮಾಡಿರಬೇಕು'. ಇಲ್ಲವೆಂದು ಹೇಳಿದ ಮೇಲೆ, 'ಎಲ್ಲರಿಗೂ ಹೀಗೆಯೇ ಕಳಿಸುವುದು'. ಮ್ಯಾನೇಜರ್ ಎಂದು ಮಾತಿಗೆ ಬಂದವರು, 'ಶುಗರ್ ತಾನೇ ಮೇಡಂ, ಈಗ ಯಾರಿಗಿಲ್ಲ?' ಎಂದುಬಿಟ್ಟರು. ಯಾರಿಗಿಲ್ಲ ಎನ್ನುವುದಲ್ಲ ನನ್ನ ಪ್ರಶ್ನೆ. ಅಮ್ಮನಿಗಿದೆ ಎಂದು ಪುಡಿ ಮಾರುವವಳಿಗೆ ಹೇಗೆ ಗೊತ್ತಾಯಿತು ಎನ್ನುವುದು. ಅದಕ್ಕೆ ಅವರು ಕೊಟ್ಟ ಉತ್ತರ, 'ನಮ್ಮ ಸರ್ವರ್ ಪೂರ್ತಿ ಸೇಫ್'. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳೇ ಸೈಬರ್ ದಾಳಿಗೆ ಸಿಕ್ಕಿ, ಅಲ್ಲಿ ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾಗಿರುವಾಗ, ಓಟಿಪಿಯನ್ನೂ ಕೇಳದ ಇವರ ಮಾತನ್ನು ಯಾವ ಧೈರ್ಯದಿಂದ ನಂಬುವುದು? ಲಿಖಿತ ದೂರು ಕೊಟ್ಟ ಮೇಲೆ ಲಿಂಕನ್ನು ಮುಚ್ಚಿದರು, ಕಾರಣ ಹೇಳಲಿಲ್ಲ.

ವರದಿ ಸೋರಿದ್ದು ಸಿಬ್ಬಂದಿಯಿಂದಲೋ ಸರ್ವರ್‌ನಿಂದಲೋ ಎಂದು ಸಾಬೀತು ಮಾಡುವ ದಾರಿ ನನಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಗೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು ಎಂದಿದೆ. ಆದರೆ ಅದರ ನಿಯಮಗಳು ಹೊರಬಿದ್ದದ್ದೇ 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳ ಜಾರಿಗೆ ಮತ್ತೆ 18 ತಿಂಗಳ ಕಾಲಾವಕಾಶ. ಬ್ಯಾಂಕ್ ಕಾರ್ಡ್‌ನ ಸಂಖ್ಯೆ ಸೋರಿದರೆ ಕಾರ್ಡ್ ರದ್ದು ಮಾಡಿಸಬಹುದು, ಸೋರಿದ ಕಾಯಿಲೆಯ ವಿಷಯವನ್ನು ಹಿಂದಕ್ಕೆ ಪಡೆಯಲಾಗದು.

ಸ್ಯಾಂಪಲ್ ಕೊಡುವ ಮೊದಲೇ ವರದಿ ಹೇಗೆ ಕಳಿಸುತ್ತೀರಿ ಎಂದು ಕೇಳಿ. ಓಟಿಪಿ ಇಲ್ಲದ ಲಿಂಕ್ ಎಂದರೆ ಬೇಡವೆಂದು ಹೇಳಿ, ಕಾಗದದ ಪ್ರತಿಯನ್ನೇ ತೆಗೆದುಕೊಳ್ಳಿ. ವರದಿಯ ಫೋಟೋವನ್ನು ವಾಟ್ಸಾಪ್ ಗುಂಪಿಗೋ ಉಚಿತ ಸಲಹೆ ಕೊಡುವ ಆ್ಯಪ್‌ಗೋ ಹಾಕಲೇಬೇಡಿ. ವೈದ್ಯರಿಗೆ ಕಳಿಸಿದ ಮೇಲೆ ಬೇರೆ ಯಾರಿಗಾದರೂ ತೋರಿಸಲೇಬೇಕಾದರೆ ಹೆಸರು, ಫೋನ್ ಸಂಖ್ಯೆ ಇರುವ ಮೇಲ್ಭಾಗವನ್ನೂ ಕ್ಯೂಆರ್ ಕೋಡನ್ನೂ ಮುಚ್ಚಿ. ಎಷ್ಟೋ ವರದಿಗಳಲ್ಲಿ ಆ ಕೋಡ್ ಸ್ಕ್ಯಾನ್ ಮಾಡಿದರೆ ಪೂರ್ತಿ ವರದಿಯೇ ತೆರೆದುಕೊಳ್ಳುತ್ತದೆ. ಇಂಥ ಕರೆ ನಂಬಿ ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.